ಮನೆಯ ಮುಂದೆ ನಡೆದವಳು

ಬಾಲ್ಕನಿಯಲ್ಲಿ ಗಿರಿಧರ ಮತ್ತೆ ನಕ್ಕ.

ಒಳಗೆ ರೊಟ್ಟಿ ಬಡಿಯುತ್ತಿದ್ದ ಸುಮಿತ್ರಾಳ ಕೈ ಅಲ್ಲೇ ನಿಂತಿತು. ಕನ್ನಡದಲ್ಲಿ ಮಾತಾಡುವಾಗ ಅವನು ನಗುವ ರೀತಿಯೇ ಬೇರೆ, ಮೂಗಿನಿಂದ ಒಂದಿಷ್ಟು ಗಾಳಿ ಬಿಟ್ಟರೆ ಮುಗಿಯಿತು. ಗುಜರಾತಿಯಲ್ಲಂತೂ ಗಿರಣಿಯ ಸೇಠನ ಮುಂದೆ ಹಲ್ಲು ಕಿರಿಯುವುದಷ್ಟೇ. ಹೊಟ್ಟೆಯಿಂದ ಎದ್ದು, ಭುಜ ಕುಲುಕಿಸಿ, ಕಡೆಗೆ ಕಣ್ಣೊರೆಸಿಕೊಳ್ಳುವ ಈ ನಗೆ ಬರುವುದು ಜಾವಾದಿಂದ ಫೋನು ಬಂದಾಗ ಮಾತ್ರ, ಆ ಊರಿನವರ ಭಾಷೆಯಲ್ಲಿ ಮಾತ್ರ. ಹಂಚಿನ ಮೇಲಿನ ರೊಟ್ಟಿ ಹೊತ್ತಿದ ವಾಸನೆ ಬಂತು. ಹೊತ್ತಲಿ ಬಿಡು ಅಂದುಕೊಂಡಳು.

"ಯಾರದು?" ಎಂದಳು ಅವನು ಒಳಗೆ ಬಂದೊಡನೆ. ಯಾರದೆಂದು ಗೊತ್ತಿದ್ದೂ ಕೇಳುವುದು ಹೆಂಡತಿಯರ ಹಕ್ಕು.

"ಕರಂಗ್‌ಸಾರಿಯಿಂದ. ವಾಗಿನೆಮ್ ಹಚ್ಚಿದ್ರು."

"ಏನಂತ ಆಕಿದು?"

"ಊರಾಗ ಟೋಲ್ ರಸ್ತಾ ಬರಾಕತ್ತೈತಂತ. ಅವರ ಹಿತ್ತಲಾ ಪೂರಾ ಹೋಗತೈತಿ. ನಮ್ಮ ಮನಿ ಅಲ್ಲಿಂದ ಎತ್ತಬೇಕಾಗೇತಿ."

ಸುಮಿತ್ರಾ ಹಿಟ್ಟು ಮೆತ್ತಿದ ಕೈಯನ್ನು ಮೇಲೆತ್ತಿ ನಾಲ್ಕೂ ಗೋಡೆಗಳನ್ನು ತೋರಿಸಿದಳು. "ನಮ್ಮ ಮನಿ ಇದು. ಸೂರತ್, ಬಮ್ರೋಲಿ ರೋಡು, ಮೂರನೇ ಮಾಳಿಗಿ. ಅದು ಯಾರ ಮನಿನೋ ನನಗ ಗೊತ್ತಿಲ್ಲ."

ಗಿರಿಧರ ಫೋನನ್ನು ಚಾರ್ಜಿಗೆ ಹಾಕಿದ. ಮಾತಾಡದೆ ಇರುವುದರಲ್ಲಿ ಅವನನ್ನು ಮೀರಿಸುವವರಿಲ್ಲ.

ರಬಕವಿಯ ನೇಕಾರರ ಓಣಿಯಿಂದ ಸೂರತ್ತಿಗೆ ಬಂದ ಸಂಸಾರ ಇವರದು. ಗಿರಿಧರ ಪಾಂಡೇಸರಾದ ಗಿರಣಿಯಲ್ಲಿ ಬಟ್ಟೆಗೆ ಬಣ್ಣ ಕಟ್ಟುವ ಮಾಸ್ಟರ್. ಬಣ್ಣದ ನೀರನ್ನು ಬೆರಳ ತುದಿಗೆ ಹಚ್ಚಿಕೊಂಡೇ ಉಪ್ಪು ಹೆಚ್ಚಾಯಿತೋ ಕಡಿಮೆಯಾಯಿತೋ ಹೇಳುವಷ್ಟು ಪಳಗಿದವನು. ಜಾವಾದಲ್ಲಿ ಸೋಲೋ ಪಟ್ಟಣದ ಹತ್ತಿರ ಗಿರಣಿ ತೆರೆದ ಸಿಂಧಿ ಮಾಲೀಕರೊಬ್ಬರು ಕರೆದಾಗ ಎರಡು ವರ್ಷಕ್ಕೆಂದು ಹೋದ. ಎರಡು ಹೋಗಿ ಹನ್ನೊಂದಾಯಿತು. ಮಗಳು ಅಕ್ಷತಾಳ ಶಾಲೆ ಇತ್ತು, ಲಕ್ವಾ ಹೊಡೆದು ಹಾಸಿಗೆ ಹಿಡಿದ ಅತ್ತೆ ಇದ್ದರು, ಹಾಗಾಗಿ ಸುಮಿತ್ರಾ ಇಲ್ಲೇ ಉಳಿದಳು. ಅವನು ದೀಪಾವಳಿಗೆ ಬರುತ್ತಿದ್ದ, ಪಟಾಕಿಯ ಹೊಗೆ ಆರುವುದರೊಳಗೆ ಹೋಗುತ್ತಿದ್ದ. ಆ ಗಿರಣಿ ಮುಚ್ಚಿದ ಮೇಲೆ ವಾಪಸು ಬಂದು ಮತ್ತೆ ಪಾಂಡೇಸರಾ ಸೇರಿದ್ದ.

ಅಲ್ಲೊಂದು ಮನೆ ಕೊಂಡ ಸಂಗತಿಯನ್ನು ಅವನೇನೂ ಮುಚ್ಚಿಟ್ಟಿರಲಿಲ್ಲ. ಪರದೇಶದವರು ಅಲ್ಲಿ ನೆಲ ಕೊಳ್ಳುವ ಹಾಗಿಲ್ಲ. ಆದರೆ ಹಳ್ಳಿಯ ಹಳೇ ಮನೆಗಳೆಲ್ಲ ಸಾಗವಾನಿಯವು, ಮೊಳೆಯಿಲ್ಲದೆ ಗೂಟ ಹೊಡೆದು ಕೂಡಿಸಿದವು. ನೆಲವನ್ನು ಬಿಟ್ಟು ಮನೆಯನ್ನಷ್ಟೇ ಎತ್ತಿನ ಹಾಗೆ ಮಾರುತ್ತಾರೆ, ಕೊಳ್ಳುತ್ತಾರೆ. ಹಾಗೆ ಕೊಂಡ ಮನೆಯನ್ನು ಗಿರಿಧರ ವಾಗಿನೆಮ್ ಎಂಬ ವಿಧವೆಯ ಹಿತ್ತಲಿನಲ್ಲಿ ನಿಲ್ಲಿಸಿಕೊಂಡಿದ್ದ. ನೆಲ ಆಕೆಯದು, ಮನೆ ಇವನದು. ಸೈಕಲ್ಲು ಕೊಂಡೆ ಎನ್ನುವ ಹಾಗೆ ಫೋನಿನಲ್ಲಿ ಹೇಳಿದ್ದ, ಇವಳೂ ಚಲೋ ಆತು ಬಿಡ್ರಿ ಎಂದಿದ್ದಳು. ಆಗ ಅದೊಂದು ಸುದ್ದಿ ಅಷ್ಟೇ ಆಗಿತ್ತು.

ಗಂಡ ಮನೆಗೆ ಬಂದ ಮೇಲೆ ಅದು ಸುದ್ದಿಯಾಗಿ ಉಳಿಯಲಿಲ್ಲ. ಅವನು ಬೆಳಿಗ್ಗೆ ಎದ್ದು ಕಿಟಕಿಯ ಹತ್ತಿರ ಸುಮ್ಮನೆ ನಿಲ್ಲುತ್ತಿದ್ದ. ಶೇಂಗಾ ಚಟ್ನಿ ಬಡಿಸಿದರೆ, "ಅಲ್ಲಿ ಇದಕ್ಕ ಬೆಲ್ಲಾ ಹಾಕ್ತಾರ" ಎನ್ನುತ್ತಿದ್ದ. ಮಳೆ ಬಂದರೆ ಅಲ್ಲಿಯ ಮಳೆ, ಬಾಳೆಹಣ್ಣು ತಂದರೆ ಅಲ್ಲಿಯ ಬಾಳೆಹಣ್ಣು. ಎದುರು ಮನೆಯ ಜಯಾಬೆನ್‌ಗೆ ಇಷ್ಟು ಸಾಕಾಯಿತು. "ಭಾಭಿ, ಘರ್ ಹೋಯ್ ತ್ಯಾಂ ಘರ್‌ವಾಳೀ ಪಣ್ ಹೋಯ್ ಜ್" ಅಂದಳು ಒಂದು ದಿನ, ಮೇಥಿ ಬಿಡಿಸುತ್ತ. ಮನೆ ಇದ್ದ ಕಡೆ ಮನೆಯಾಕೆಯೂ ಇರುತ್ತಾಳೆ. ಹೇಳಿದವಳು ಮೇಥಿ ತಗೊಂಡು ಒಳಗೆ ಹೋದಳು, ಕೇಳಿದವಳ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಯಿತು. ಹೆಂಗಸರ ಹೊಟ್ಟೆಕಿಚ್ಚಿಗೆ ನೂರು ಹೆಸರಿಡುವ ಜನ ಅದಕ್ಕೆ ಸೌದೆ ಹಾಕಿದವರ ಹೆಸರನ್ನು ಮಾತ್ರ ಹೇಳುವುದಿಲ್ಲ.

"ನಾ ಒಬ್ಬನ ಹೋಗಿ ಬರ್ತೀನಿ, ಒಂದು ವಾರದಾಗ" ಎಂದ ಗಿರಿಧರ ಊಟಕ್ಕೆ ಕೂತಾಗ.

"ಒಬ್ರ ಹೋಗಿದ್ದು ಸಾಕಾಗೇತಿ. ನಾನೂ ಬರ್ತೀನಿ. ಮನಿ ಮಾರಿ ಇಬ್ರೂ ಕೂಡಿ ಬರೂಣು."

ಗಿರಿಧರ ರೊಟ್ಟಿಯ ಹೊತ್ತಿದ ಭಾಗವನ್ನು ಮುರಿದು ಬದಿಗಿಟ್ಟ. "ಮಾರೂದು ನೋಡೂಣು."

"ನೋಡೂದು ಏನೈತ್ರಿ ಅದರಾಗ?"

ಅವನು ಮಜ್ಜಿಗೆಯ ಲೋಟ ಎತ್ತಿಕೊಂಡ.

ಅಹಮದಾಬಾದಿನಿಂದ ವಿಮಾನ. ಸೂರತ್ತಿನಿಂದ ರೈಲು ಹತ್ತಿ, ವಡೋದರಾ ದಾಟುವ ತನಕ ಅವನು ಕಿಟಕಿಗೆ ಮುಖ ಕೊಟ್ಟು ಕೂತಿದ್ದ. ಇವಳು ಅವನ ತಲೆಯ ಹಿಂಭಾಗವನ್ನೇ ನೋಡುತ್ತ ಕೂತಿದ್ದಳು. ಮಗಳು ಅಹಮದಾಬಾದಿನ ಬೋಪಾಲ್ ಬಡಾವಣೆಯಲ್ಲಿ ಗೆಳತಿಯರ ಜೊತೆ ಫ್ಲ್ಯಾಟ್ ಮಾಡಿಕೊಂಡು ಕೆಲಸಕ್ಕೆ ಹೋಗುತ್ತಾಳೆ. ಟಿಕೆಟ್ಟು, ವೀಸಾ ಎಲ್ಲ ಅವಳದೇ ಓಡಾಟ. ತಾಯಿಯ ಕಡೆ ನಿಲ್ಲುತ್ತಾಳೆ ಅಂದುಕೊಂಡರೆ ಅವಳೂ ಅಪ್ಪನ ಪಕ್ಷವೇ.

"ಮಮ್ಮಿ, ಪಪ್ಪಾದು ಅಲ್ಲಿ ವುಡನ್ ಹೌಸ್ ಇದೆ, ಕಿತ್ನಾ ಮಸ್ತ್! ಬೇಚ್ ಮತ್ ದೋ ನಾ, ಮಾರಬೇಡ. ನಾನ್ ಭೀ ಕಭಿ ಹೋಗಬೇಕು."

"ನಿಮ್ಮಪ್ಪ ಸೂರತ್ ಮನ್ಯಾಗ ಎಂದಾರ ಒಂದು ಮೊಳಿ ಹೊಡದಾನೇನು? ಅಲ್ಲಿ ಹೋಗಿ ಮನಿ ಕಟ್ಯಾನ."

"ಸೋ ಸ್ವೀಟ್" ಅಂದಳು ಅಕ್ಷತಾ. ಮಕ್ಕಳಿಗೆ ಕನ್ನಡ ಕಲಿಸದಿದ್ದರೆ ಹೀಗೇ, ಬೈದದ್ದೂ ಹೊಗಳಿದ ಹಾಗೆ ಕೇಳಿಸುತ್ತದೆ.

ವಿಮಾನದಿಂದ ಇಳಿದು, ಕಾರು ಹತ್ತಿ, ಕಬ್ಬು, ಭತ್ತ, ತೆಂಗು, ಮಸೀದಿಯ ಸಣ್ಣ ಗುಮ್ಮಟ ಎಲ್ಲ ದಾಟಿ ಕರಂಗ್‌ಸಾರಿ ಮುಟ್ಟಿದಾಗ ಮಧ್ಯಾಹ್ನ ಇಳಿಯುತ್ತಿತ್ತು. ಗಿರಿಧರ ಕಾರಿನ ಬಾಗಿಲು ತೆಗೆದದ್ದೇ ತಡ, "ಪಾಕ್ ಗಿರಿ! ಪಾಕ್ ಗಿರಿ!" ಎಂದು ಓಣಿಯೇ ಎದ್ದು ಬಂತು. ಪಾಕ್ ಎಂದರೆ ನಮ್ಮಲ್ಲಿ ಯಜಮಾನರೇ ಅಂದ ಹಾಗಂತೆ. ಒಬ್ಬ ಮುದುಕ ಅವನ ಹೊಟ್ಟೆ ತಟ್ಟಿ ಏನೋ ಅಂದ, ಇವನು ಮುದುಕನ ಬೋಳುತಲೆ ತೋರಿಸಿ ಏನೋ ಅಂದ, ಇಡೀ ಗುಂಪು ಬಿದ್ದು ಬಿದ್ದು ನಕ್ಕಿತು. ಸೂರತ್ತಿನ ಸೊಸೈಟಿಯಲ್ಲಿ ಇಷ್ಟು ವರ್ಷವಾದರೂ ಇವನಿಗೆ ಕೆಳಗಿನ ಮಾಳಿಗೆಯವರ ಅಡ್ಡಹೆಸರು ಗೊತ್ತಿಲ್ಲ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಗಾದೆಯನ್ನು ಮಾಡಿದವರು ಇವನನ್ನು ನೋಡಿಯೇ ಮಾಡಿದ್ದಿರಬೇಕು ಅನ್ನಿಸಿತು ಸುಮಿತ್ರಾಳಿಗೆ.

ಆಮೇಲೆ ವಾಗಿನೆಮ್ ಬಂದಳು.

ಮುಂಬೈ ಸಿನಿಮಾದವಳ ಹಾಗಿರುತ್ತಾಳೆ, ಬಳುಕುತ್ತಾಳೆ, ಉದ್ದ ಕೂದಲಿರುತ್ತದೆ ಎಂದು ಏನೇನೋ ತಯಾರಿ ಮಾಡಿಕೊಂಡು ಬಂದಿದ್ದಳು ಸುಮಿತ್ರಾ. ಬಂದವಳು ಹೆಚ್ಚೂಕಡಿಮೆ ಇವಳದೇ ವಯಸ್ಸಿನವಳು. ಇವಳಷ್ಟೇ ಎತ್ತರ, ಇವಳಷ್ಟೇ ಸೊಂಟದ ಸುತ್ತಳತೆ, ಹೂವಿನ ಚಿತ್ತಾರದ ಮಾಸಿದ ಗೌನು, ತಲೆಗೊಂದು ವಸ್ತ್ರ, ಒಲೆಯ ಮುಂದೆ ಕೂತು ಕೂತು ಕಪ್ಪಾದ ಮೊಣಕೈ. ಚೆಲುವೆಯಲ್ಲ, ಕುರೂಪಿಯೂ ಅಲ್ಲ. ತನಗಿಂತ ಚೆಲುವೆಯಾಗಿದ್ದರೆ ಒಂದು ಸಮಾಧಾನವಾದರೂ ಇರುತ್ತಿತ್ತು. ತನ್ನ ಹಾಗೇ ಇದ್ದಾಳಲ್ಲ! ಹಾಗಾದರೆ ತನ್ನಲ್ಲಿಲ್ಲದ್ದು ಇವಳಲ್ಲೇನಿದೆ? ವಾಗಿನೆಮ್ ಎರಡೂ ಕೈಯಿಂದ ಸುಮಿತ್ರಾಳ ಕೈ ಹಿಡಿದು, ಆ ಕೈಯನ್ನು ತನ್ನ ಎದೆಗೆ ಮುಟ್ಟಿಸಿಕೊಂಡಳು. ಸುಮಿತ್ರಾ ನಕ್ಕಳು, ನಗುವಾಗ ಹಲ್ಲು ಕಚ್ಚಿಕೊಂಡಿದ್ದಳು.

ಹಿತ್ತಲಿನಲ್ಲಿ ಮನೆ ನಿಂತಿತ್ತು. ನಡುವೆ ನಾಲ್ಕು ಕಂಬ, ಮೇಲೆ ಗುಡ್ಡದ ಹಾಗೆ ಎದ್ದ ಹಂಚಿನ ಮಾಡು, ಎಣ್ಣೆ ಉಜ್ಜಿ ಉಜ್ಜಿ ಕಾಫಿಬೀಜದ ಬಣ್ಣ ಬಂದ ಮರ. ಒಳಗೆ ಹೋದರೆ ಎಲ್ಲದರ ಮೇಲೂ ಗಿರಿಧರನ ಕೈಯೇ. ಬಾಗಿಲಿಗೆ ಅವನು ಕೆತ್ತಿದ ಅಗಳಿ. ಗೋಡೆಗೆ ಅವನು ಹೊಡೆದ ಹಲಗೆ. ಪಾತ್ರೆ ತೊಳೆಯುವ ಕಡೆ ನೀರು ನಿಲ್ಲಬಾರದೆಂದು ಅವನು ಇಳುಕಲು ಮಾಡಿ ಹಾಕಿದ ಕಲ್ಲು. ಒಂದೊಂದನ್ನೂ ಮುಟ್ಟಿ ಮುಟ್ಟಿ ತೋರಿಸಿದ ಪುಣ್ಯಾತ್ಮ, ಇವಳು ಖುಷಿಪಡುತ್ತಾಳೆಂದು.

"ಬಲ್ಬ್ ಹೋದ್ರ ಎಲೆಕ್ಟ್ರಿಶಿಯನ್ನ ಕರೀರಿ ಅಂತಿದ್ರಲ್ಲ ನನಗ" ಎಂದಳು.

"ಅಲ್ಲಿ ಎಲ್ಲಾ ತಯಾರ ಇರತಾವು. ಇಲ್ಲಿ ನಾವ ಮಾಡಬೇಕು."

"ತಯಾರ ಏನೂ ಇರತಿದ್ದಿಲ್ಲ. ನಾ ಮಾಡಿರತಿದ್ದೆ."

ಅವನಿಗೆ ಕೇಳಿಸಿತೋ ಇಲ್ಲವೋ. ಅಗಳಿಗೆ ಎಣ್ಣೆ ಬಿಡಬೇಕೆಂದು ಹೊರಟುಹೋದ.

ಊರಿನವರ ಲೆಕ್ಕಾಚಾರ ಸರಳವಾಗಿತ್ತು. ರಸ್ತೆಗೆ ಹೋದ ಹಿತ್ತಲಿನ ಬದಲಿಗೆ ವಾಗಿನೆಮ್‌ಗೆ ಗದ್ದೆಯಾಚೆ, ದಿಬ್ಬದ ಮೇಲೆ ಬೇರೆ ಜಾಗ ಆಗಿತ್ತು. ಪಾಕ್ ಗಿರಿಯ ಮನೆಯೂ ಅಲ್ಲಿಗೇ. ಮಾಡು, ಗೋಡೆ ಬಿಚ್ಚಿ, ಬರೀ ಕಂಬ-ತೊಲೆಗಳ ಗೂಡನ್ನು ಬಿದಿರು ಕಟ್ಟಿ ಹೆಗಲ ಮೇಲೆ ಹೊತ್ತು ಒಯ್ಯುವುದು. ಕೂಲಿ ಪಾಲಿ ಇಲ್ಲ. ಮನೆಗೊಂದಾಳು ಬರುತ್ತದೆ, ಮಾಲೀಕ ಅನ್ನ ಹಾಕುತ್ತಾನೆ. ಮಾರುವ ವಿಚಾರವನ್ನು ಗಿರಿಧರ ಅಲ್ಲಿ ಯಾರ ಮುಂದೂ ಎತ್ತಿರಲಿಲ್ಲ ಎಂಬುದು ಸುಮಿತ್ರಾಳಿಗೆ ಅವರ ಮುಖಗಳನ್ನು ನೋಡಿಯೇ ತಿಳಿಯಿತು.

ಮರುದಿನ ಹಂಚು ಇಳಿಸುವ ಕೆಲಸ. ಗಂಡಸರು ಮಾಡಿನ ಮೇಲೆ, ಹೆಂಗಸರು ಕೆಳಗೆ ಸಾಲಾಗಿ ನಿಂತು ಕೈಯಿಂದ ಕೈಗೆ. ಬಂದವಳು ಅತಿಥಿ, ಕೂತಿರಲಿ ಎಂದು ಅವರು ಕುರ್ಚಿ ಹಾಕಿದರು. ಅತಿಥಿ! ಸುಮಿತ್ರಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಸೀದಾ ಸಾಲಿಗೆ ಹೋಗಿ ನಿಂತಳು. ನಿಂತ ಮೇಲೆ ನೋಡಿದರೆ ತಾನು ಕೊಡುವ ಹಂಚನ್ನು ಇಸಿದುಕೊಳ್ಳುವವಳು ವಾಗಿನೆಮ್.

ಮಗ್ಗದ ಮನೆಯಲ್ಲಿ ಹುಟ್ಟಿದ ಕೈಗಳು ಇವಳವು. ಲಾಳಿ ಎಸೆದ ಲಯ ಇನ್ನೂ ಮೊಣಕೈಯಲ್ಲಿತ್ತು. ಸಾವಕಾಶ ಶುರು ಮಾಡಿ ಜೋರು ಮಾಡಿದಳು. ಹಂಚು ಇಸಿದುಕೊ, ತಿರುಗು, ಕೊಡು. ಇಸಿದುಕೊ, ತಿರುಗು, ಕೊಡು. ತಡವರಿಸಲಿ ಒಮ್ಮೆ, ಎಲ್ಲರೆದುರು ಒಂದು ಹಂಚು ಬೀಳಿಸಲಿ ಎಂಬುದಷ್ಟೇ ಅವಳ ಆಸೆ. ವಾಗಿನೆಮ್ ಒಮ್ಮೆ ಇವಳ ಮುಖ ನೋಡಿದಳು. ಅವಳಿಗೆ ಅರ್ಥವಾಯಿತು. ಹೆಂಗಸರಿಗೆ ಇಂಥದಕ್ಕೆ ಭಾಷೆ ಬೇಡ. ಕಾಲು ಅಗಲಿಸಿ ನಿಂತು ಅವಳೂ ಬಿಗಿ ಮಾಡಿಕೊಂಡಳು. ಸ್ವಲ್ಪ ಹೊತ್ತಿಗೆ ಹಿಂದಿನವರು ಸಾಕುಸಾಕಾಗಿ ಕೂಗತೊಡಗಿದರು, ಮುಂದಿನವರ ಹತ್ತಿರ ಹಂಚು ರಾಶಿ ಬಿತ್ತು. ಇವರಿಬ್ಬರೂ ಮಾತ್ರ ಬೆವರು ಒರೆಸದೆ, ಕಣ್ಣು ಕೀಳದೆ ನಡೆಸಿದ್ದೇ ನಡೆಸಿದ್ದು. ಕಡೆಗೆ ಬಿದ್ದದ್ದು ಸುಮಿತ್ರಾಳ ಕೈಯ ಹಂಚೇ. ಎರಡು ತುಂಡಾಯಿತು. ವಾಗಿನೆಮ್ ಬಗ್ಗಿ ತುಂಡುಗಳನ್ನು ಎತ್ತಿ, ಗೋಡೆಗೆ ಒರಗಿಸಿಟ್ಟು, ನೀರಿನ ಲೋಟವನ್ನು ಮೊದಲು ಇವಳಿಗೇ ಕೊಟ್ಟಳು. ಕುಡಿಯದೆ ವಿಧಿಯಿರಲಿಲ್ಲ. ಆ ನೀರು ಗಂಟಲಲ್ಲಿ ಇಳಿಯುವಾಗ ಸುಮಿತ್ರಾಳಿಗೆ ಅತ್ತುಬಿಡುವಷ್ಟು ಸಿಟ್ಟು ಬಂತು.

ಸಂಜೆ, ಮಾಡು ಇಳಿಸಿದ ಮನೆಯ ಕಂಬಗಳ ನಡುವೆ ಇಬ್ಬರೇ ಉಳಿದಾಗ ಕೇಳಿಯೇಬಿಟ್ಟಳು.

"ಆಕಿ ನಿಮಗ ಏನಾಗಬೇಕು?"

ಗಿರಿಧರ ಕಂಬದ ಗೂಟವೊಂದನ್ನು ಅಲ್ಲಾಡಿಸಿ ನೋಡಿದ. ಸುಳ್ಳಾದರೂ ಥಟ್ಟನೆ ಹೇಳಬಾರದೆ?

"ನೀ ತಿಳಕೊಂಡಂಗ ಏನೂ ಇಲ್ಲ."

"ನಾ ತಿಳಕೊಂಡಿದ್ದು ಬಿಡ್ರಿ. ಇದ್ದದ್ದು ಹೇಳ್ರಿ."

"ಗಿರಣಿಯಿಂದ ಬಂದ ಕೂಡ್ಲೆ ಉಂಡಿ ಏನು ಅಂತ ಕೇಳತಿದ್ರು. ಅಷ್ಟ."

"ನಾ ಕೇಳತಿದ್ದಿಲ್ಲೇನು? ದಿನಾ ಫೋನ್ ಹಚ್ಚಿದ್ರ ನಂದು ಮೊದಲನೇ ಮಾತು ಅದ ಅಲ್ಲೇನು?"

"ಕೇಳತಿದ್ದಿ. ಉಂಡೆ ಅಂತಿದ್ದೆ, ನೀ ನಂಬತಿದ್ದಿ." ಅವನು ಕಂಬದ ಮೇಲೆ ಅಂಗೈ ಆಡಿಸಿದ. "ಅವರು ನಂಬತಿದ್ದಿಲ್ಲ. ಅನ್ನದ ಪಾತೇಲಿ ಮುಚ್ಚಳಾ ತಗದು ನೋಡತಿದ್ರು."

ಮಲಗಿದ್ದರು, ಮುಟ್ಟಿದ್ದರು ಅಂದಿದ್ದರೆ ಸುಮಿತ್ರಾಳ ಹತ್ತಿರ ಅದಕ್ಕೆ ಮಾತುಗಳಿದ್ದವು, ರಬಕವಿಯಿಂದಲೇ ಕಟ್ಟಿಕೊಂಡು ಬಂದ ಮಾತುಗಳು. ಇದಕ್ಕೆ ಏನನ್ನಬೇಕು? ಸಮುದ್ರದಾಚೆಯ ಪಾತೇಲಿಯ ಮುಚ್ಚಳವನ್ನು ಅವಳು ಹೇಗೆ ತೆಗೆದು ನೋಡಬೇಕಿತ್ತು?

"ನಾ ಆಗ ನಿಮ್ಮವ್ವನ ಹೇಲು ಉಚ್ಚಿ ಬಳೀತಿದ್ದೆ" ಎಂದಳು. ದನಿ ತಾನಾಗಿ ಏರಿತು. "ನಿಮ್ಮ ಮಗಳ ಜ್ವರಕ್ಕ ಒಬ್ಬಾಕಿನ ರಿಕ್ಷಾ ಹಿಡದು ದವಾಖಾನಿಗೆ ಓಡತಿದ್ದೆ. ನನ್ನ ಪಾತೇಲಿ ಯಾರು ತಗದು ನೋಡಿದ್ರು ಹೇಳ್ರಿ. ಹೇಳ್ರಲಾ!"

ಅವನು ಕಾಲಬಳಿ ಬಿದ್ದಿದ್ದ ಹಂಚಿನ ಚೂರನ್ನು ಎತ್ತಿ ಬದಿಗಿಟ್ಟ.

"ಮಾರ್ರಿ. ನಾಳೆನ ಮಾರ್ರಿ ಇದನ್ನ. ಆಕಿ ಜಾಗಾದಾಗ ಇದು ನಿಲ್ಲೂ ಹಂಗಿಲ್ಲ. ಇಲ್ಲಾಂದ್ರ ನೀವು ಇಲ್ಲೇ ಇರ್ರಿ, ನಾ ಒಬ್ಬಾಕಿನ ಹೋಗ್ತೀನಿ. ಒಬ್ಬಾಕಿನ ಇರೂದು ನನಗ ರೂಢಿ ಐತಿ."

"ಆತು" ಎಂದ ಗಿರಿಧರ.

ಪೇಟೆಯಲ್ಲಿ ಹಳೇ ಸಾಗವಾನಿ ಕೊಳ್ಳುವ ವ್ಯಾಪಾರಿ ಇದ್ದ. ಅವನಿಗೆ ಫೋನು ಹೋಯಿತು. ಕೆಸರು ಗದ್ದೆಯಲ್ಲಿ ಲಾರಿ ಇಳಿಯುವುದಿಲ್ಲ, ಡಾಂಬರು ರಸ್ತೆಯ ಬದಿಗೆ ತಂದಿಟ್ಟುಕೊಟ್ಟರೆ ಅಲ್ಲೇ ಬಿಚ್ಚಿ ತುಂಬಿಕೊಳ್ಳುತ್ತೇನೆ ಅಂದ. ಗಿರಿಧರ ವಾಗಿನೆಮ್‌ಳ ಅಂಗಳಕ್ಕೆ ಹೋಗಿ ಹೇಳಿದ್ದನ್ನು ಸುಮಿತ್ರಾ ದೂರದಿಂದಲೇ ನೋಡಿದಳು. ಆಕೆ ಕೇಳಿಸಿಕೊಂಡಳು, ತಲೆಯಾಡಿಸಿದಳು, ನಾಳೆ ಬರುವವರಿಗೆಂದು ಹೆಚ್ಚುತ್ತಿದ್ದ ಬದನೆಕಾಯಿಯನ್ನು ಮತ್ತೆ ಹೆಚ್ಚತೊಡಗಿದಳು. ಜಗಳಕ್ಕೂ ಬರಲಿಲ್ಲ, ಕಣ್ಣೀರೂ ಹಾಕಲಿಲ್ಲ. ಗೆದ್ದೆ ಅಂದುಕೊಂಡಳು ಸುಮಿತ್ರಾ. ಗೆದ್ದವರಿಗೆ ಹಸಿವಾಗಬೇಕು, ಅವಳಿಗೆ ಅನ್ನ ಸೇರಲಿಲ್ಲ.

ಬೆಳಿಗ್ಗೆ ಮಂಜು ಇನ್ನೂ ಗದ್ದೆಯ ಮೇಲಿರುವಾಗಲೇ ಗಂಡಸರು ಬಂದರು. ಮನೆ ಲಾರಿಗೆ ಹೋಗುತ್ತದೆಂದು ಎಲ್ಲರಿಗೂ ಗೊತ್ತಾಗಿತ್ತು, ಹಾಗೆಂದು ಯಾರೂ ಮನೆಯಲ್ಲಿ ಉಳಿದಿರಲಿಲ್ಲ. ಬರುತ್ತೇವೆ ಅಂದಿದ್ದರು, ಬಂದರು. ಕಂಬಗಳ ಬುಡಕ್ಕೆ ಉದ್ದ ಬಿದಿರುಗಳನ್ನು ಅಡ್ಡ ಉದ್ದ ಕಟ್ಟಿದರು. ಗಿರಿಧರ ಪಂಚೆ ಮೇಲೆತ್ತಿ, ಟವೆಲ್ಲು ಸುತ್ತಿ ಹೆಗಲಿಗಿಟ್ಟುಕೊಂಡು ಮುಂದಿನ ಸಾಲಿನಲ್ಲಿ ನಿಂತ.

ಆಗ ಊರಿನ ಹಿರಿಯನೊಬ್ಬ ಅಡುಗೆ ಒಲೆಯ ಕಡೆಯ ಕೆಂಡದಿಂದ ಮಣ್ಣಿನ ಹಣತೆಯೊಂದನ್ನು ಹೊತ್ತಿಸಿಕೊಂಡು ಬಂದ. ಏನೋ ಹೇಳಿದ. ಬಿದಿರಿನ ಕೆಳಗಿನಿಂದ ಗಿರಿಧರ ಕನ್ನಡದಲ್ಲಿ ಹೇಳಿದ: "ಈ ಊರ ಪದ್ಧತಿ. ಮನಿ ಒಡತಿ ದೀಪಾ ಹಿಡಕೊಂಡು ಮುಂದ ನಡೀಬೇಕು. ಹಿಂದ ತಿರುಗಿ ನೋಡೂ ಹಂಗಿಲ್ಲ, ನೋಡಿದ್ರ ಮನಿ ಸುಖಾ ಹಳೇ ಜಾಗಾದಾಗ ಉಳೀತೈತಂತ. ಆಕಿ ನಿಂತ್ರ ಮನಿ ನಿಲ್ಲತೈತಿ, ಆಕಿ ಎತ್ತಾಗ ಹೋದ್ರ ಅತ್ತಾಗ ಬರತೈತಿ."

"ಲಾರಿಗೆ ಹೋಗೂ ಮನಿಗೂ ದೀಪಾನೇನು?"

"ಮನಿ ಅಂದ್ರ ಮನಿ."

ಹಿರಿಯ ಹಣತೆ ಹಿಡಿದು ನಿಂತಿದ್ದ. ಸುಮಿತ್ರಾ ಆಗ ಒಂದನ್ನು ಕಂಡಳು. ಬೇರೆ ಯಾರೂ ಕಾಣಲಿಲ್ಲ, ಕಾಣುವ ಗರಜೂ ಅವರಿಗಿರಲಿಲ್ಲ. ಹೆಂಗಸರ ನಡುವೆ ನಿಂತಿದ್ದ ವಾಗಿನೆಮ್‌ಳ ಎರಡೂ ಕೈ ತಾವಾಗಿಯೇ ಹಣತೆಯ ಕಡೆಗೆ ಅರ್ಧ ಎದ್ದವು. ಎದ್ದ ಕೈಯನ್ನು ಆಕೆ ನೋಡಿಕೊಂಡಳು, ಬೆಚ್ಚಿದವಳ ಹಾಗೆ ಇಳಿಸಿ, ಹೊದ್ದ ವಸ್ತ್ರದೊಳಗೆ ಅಡಗಿಸಿಕೊಂಡಳು. ನನ್ನದು, ನನ್ನದು, ಅದು ನನ್ನದು ಎಂದು ಸುಮಿತ್ರಾಳ ಒಳಗೊಂದು ದನಿ ಕೂಗಿತು. ಬೇಡವಾದ ಮನೆ, ಮಾರಿಬಿಟ್ಟ ಮನೆ, ಆದರೂ ಅದರ ದೀಪ ಇನ್ನೊಬ್ಬಳ ಕೈಗೆ ಹೋಗಬಾರದು. ದಾಪುಗಾಲಿಟ್ಟು ಹೋಗಿ ಹಣತೆ ಇಸಿದುಕೊಂಡಳು.

ಹಿರಿಯ ಕೂಗಿದ. ಅಷ್ಟೂ ಗಂಡಸರು ಒಂದೇ ದನಿಯಲ್ಲಿ ಓಗೊಟ್ಟರು, ಮರ ಮರಕ್ಕೆ ಉಜ್ಜಿ ಕಿರ್ರೆಂದಿತು, ಮನೆ ಎದ್ದಿತು. ಸುಮಿತ್ರಾ ಬದುವಿನ ಮೇಲೆ ಹೆಜ್ಜೆಯಿಟ್ಟಳು. ಬೆನ್ನ ಹಿಂದೆ, ಕೊಯ್ದ ಗದ್ದೆಯ ಕೂಳೆಗಳಲ್ಲಿ ನೂರಾರು ಪಾದಗಳು ಪಚಪಚ ಎನ್ನುತ್ತ ಬಂದವು. ಅವಳು ನಿಧಾನ ಮಾಡಿದರೆ ಅವೂ ನಿಧಾನ, ಬಿರುಸಾದರೆ ಅವೂ ಬಿರುಸು. ಇಷ್ಟು ವರ್ಷದ ಸಂಸಾರದಲ್ಲಿ ಇವಳ ಹೆಜ್ಜೆ ಯಾವ ಕಡೆ ಬೀಳುತ್ತದೆಂದು ಯಾರೂ ಕಾದು ನೋಡಿದ್ದಿಲ್ಲ.

ಗದ್ದೆಯ ತುದಿಯಲ್ಲಿ ಬದು ಎರಡು ಕವಲಾಯಿತು. ಎಡಕ್ಕೆ ಡಾಂಬರು ರಸ್ತೆ. ಅಲ್ಲಿ ಲಾರಿ ನಿಂತಿತ್ತು, ವ್ಯಾಪಾರಿ ಟೇಪು ಹಿಡಿದು ಬಾನೆಟ್ಟಿಗೆ ಒರಗಿದ್ದ, ಅವನ ಆಳುಗಳು ಸುತ್ತಿಗೆ, ಹಾರೆಗಳನ್ನು ಹುಲ್ಲಿನ ಮೇಲೆ ಹರಡಿಕೊಂಡಿದ್ದರು. ಬಲಕ್ಕೆ ದಿಬ್ಬ, ಅದರ ಮೇಲೆ ಹೊಸದಾಗಿ ಮಟ್ಟ ಮಾಡಿದ ಕೆಂಪು ಮಣ್ಣಿನ ಚೌಕ, ವಾಗಿನೆಮ್‌ಳ ಜಾಗ. ಸುಮಿತ್ರಾ ನಿಂತಳು. ಬೆನ್ನ ಹಿಂದೆ ಮನೆ ನಿಂತಿತು.

"ಎಡಕ್ಕ ಐತಿ ಲಾರಿ. ನಡಿ" ಎಂದ ಗಿರಿಧರ.

ತಿರುಗಿ ನೋಡುವಂತಿರಲಿಲ್ಲ, ಹಾಗಾಗಿ ದನಿ ಮಾತ್ರ ಬಂತು. ಆ ದನಿಯಲ್ಲಿ ಸಿಟ್ಟಿಲ್ಲ, ಬೇಸರವೂ ಇಲ್ಲ, ಏನೂ ಇಲ್ಲ. ಸೂರತ್ತಿನಲ್ಲಿ ಹಾಲು ತಂದೀನಿ, ಲೈಟ್ ಬಿಲ್ ಕಟ್ಟೀನಿ, ಉಂಡೆ, ಮಲಗತೀನಿ ಎನ್ನುವ ಅದೇ ದನಿ. ಎಡಕ್ಕೆ ತಿರುಗಿದರೆ ಈ ದನಿಯನ್ನೇ ಕಟ್ಟಿಕೊಂಡು ವಾಪಸು ಹೋಗಬೇಕು. ಬಮ್ರೋಲಿ ರೋಡಿನ ಮೂರನೇ ಮಾಳಿಗೆಯಲ್ಲಿ ಉಳಿದ ಆಯುಷ್ಯವೆಲ್ಲ ಇದೇ ಉತ್ತರ ಕೊಡುತ್ತದೆ. ಓಣಿಯ ತುಂಬ ನಗುತ್ತ ಓಡಾಡಿದವನು, ಕಲ್ಲಿಗೆ ಇಳುಕಲು ಕೊಟ್ಟವನು, ಆ ಇನ್ನೊಬ್ಬ ಗಿರಿಧರ, ಸುತ್ತಿಗೆ ಹಾರೆಗಳ ಕೈಗೆ ಸಿಕ್ಕು ಇಲ್ಲೇ ಉಳಿಯುತ್ತಾನೆ. ಅವನು ಬೇಕಾಗಿತ್ತು ಅವಳಿಗೆ. ಅವನಿಗಾಗಿಯೇ ಅಲ್ಲವೇ ಹೊಟ್ಟೆ ಉರಿದದ್ದು?

ಹಿಂದೆ ಯಾರೋ ಮುಲುಗಿದರು. ಬಿದಿರು ಹೆಗಲು ಬದಲಿಸಿದ ಸದ್ದು.

"ಸುಮೀ, ಭಾರ ಆಗೇತಿ ಎಲ್ಲಾರಿಗೂ. ಲಗೂ ನಡಿ."

"ನಿಂದರ್ರಿ" ಎಂದಳು ಸುಮಿತ್ರಾ, ಎ‍ದುರಿನ ಬಯಲಿಗೆ ಹೇಳಿದ ಹಾಗೆ, ಆದರೆ ಕಡೆಯ ಸಾಲಿನವರಿಗೂ ಕೇಳುವಷ್ಟು ಗಟ್ಟಿಯಾಗಿ. "ಸ್ವಲ್ಪ ನಿಂದರ್ರಿ. ನಾ ಹನ್ನೊಂದು ವರ್ಷ ನಿಂತೀನಿ."

ಗಿರಿಧರ ಅದನ್ನು ಅಲ್ಲಿಯವರ ಮಾತಿಗೆ ತಿರುಗಿಸಿ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ. ಲಾರಿಯ ಹತ್ತಿರ ವ್ಯಾಪಾರಿ ಬಾನೆಟ್ಟಿನಿಂದ ಬೆನ್ನೆತ್ತಿ, ಇದೇನು ನಿಂತೇಬಿಟ್ಟರಲ್ಲ ಎಂದು ನೋಡಿದ. ಅವಳಿಗೆ ಬೇಕೆನಿಸಿದಷ್ಟು ಹೊತ್ತು ಅವಳು ನಿಂತಳು. ಹಿಂದಿನ ಉಸಿರಾಟಗಳಲ್ಲಿ ಅವನದು ಯಾವುದೆಂದು ಗೊತ್ತಾಗುವ ತನಕ ನಿಂತಳು. ಆಮೇಲೆ ಸೆರಗನ್ನು ಇನ್ನೊಮ್ಮೆ ಬಿಗಿಯಾಗಿ ಸಿಕ್ಕಿಸಿಕೊಂಡು ಬಲಕ್ಕೆ ತಿರುಗಿದಳು.

ನಂತರ ಹಿರಿಯ ಕೂಗಿದ, ಎಲ್ಲರೂ ಓಗೊಟ್ಟರು, ಮನೆ ಮೈ ಮುರಿದು ಅವಳ ಹಿಂದೆ ಹೊರಟಿತು. ದಿಬ್ಬದ ಕಡೆಗೆ ಬದು ಸಣ್ಣದಾಗುತ್ತ ಹೋಯಿತು, ಎದುರು ಗಾಳಿ ಎದ್ದಿತು. ಸುಮಿತ್ರಾ ಅಂಗೈಯನ್ನು ಬೊಗಸೆ ಮಾಡಿ ಹಣತೆಗೆ ಮರೆ ಹಿಡಿದಳು.

ಹಿಂದೆ, ಗಂಡಸರ ದನಿಗಳ ನಡುವೆ, ಒಂದು ಹೆಣ್ಣಿನ ದನಿ ಮುಂದಿನ ಸಾಲಿನ ಹತ್ತಿರ ಬಂತು. ವಾಗಿನೆಮ್. ಮನೆಯ ಪಕ್ಕದಲ್ಲೇ ನಡೆಯುತ್ತಿರಬೇಕು. ಏನೋ ಕೇಳಿದಳು. ಗಿರಿಧರ ಏದುಸಿರಿನ ನಡುವೆ ಏನೋ ಉತ್ತರ ಕೊಟ್ಟ. ಆಕೆ ಮತ್ತೇನೋ ಅಂದಳು, ಈ ಸಲ ಇನ್ನೂ ಮೆಲ್ಲಗೆ. ಏನಂದಳು? ಬೆವರು ಒರೆಸಿದಳೋ, ಬರೀ ಪಕ್ಕದಲ್ಲಿದ್ದಾಳೋ? ಸುಮಿತ್ರಾಳ ಕುತ್ತಿಗೆಯ ನರಗಳೆಲ್ಲ ಎಳೆದವು. ಒಂದೇ ಒಂದು ಸಲ, ಹೆಗಲ ಮೇಲಿಂದ, ಅರ್ಧ ಗಳಿಗೆ ತಿರುಗಿ ನೋಡಿಬಿಡಲೇ?

ಬೊಗಸೆಯೊಳಗೆ ದೀಪ ಒಮ್ಮೆ ಕುಗ್ಗಿ ಮತ್ತೆ ನೆಟ್ಟಗಾಯಿತು. ಬೆರಳಿಗೆ ಬಿಸಿ ತಾಗಿದರೂ ಕೈ ತೆಗೆಯದೆ, ಕೆಂಪು ಮಣ್ಣಿನ ಚೌಕವನ್ನೇ ನೋಡುತ್ತ ಅವಳು ದಿಬ್ಬ ಹತ್ತಿದಳು.